ಒಳಮಡಿಕೆಯ ಕ್ರಿಯಾಪದ: ‘ಇಂಪ್ಲಿಕೇಟ್’ ಮತ್ತು ಕನ್ನಡದ ‘ಸಿಲುಕಿಸು’

ಪದವಿ ತರಗತಿಗಳ ಭಾಷಾಂತರ ಅಭ್ಯಾಸದಲ್ಲಿ ಎದುರಾಗಬಹುದಾದ ಒಂದು ಸಾಮಾನ್ಯ ಇಂಗ್ಲಿಷ್ ವಾಕ್ಯ: ‘ದ ಲೆಟರ್ ಇಂಪ್ಲಿಕೇಟ್ಸ್ ದ ಕ್ಲರ್ಕ್ ಇನ್ ದ ಫ್ರಾಡ್’. ಪತ್ರ, ಗುಮಾಸ್ತ, ವಂಚನೆ ಎಂಬ ಮೂರು ನಾಮಪದಗಳು ಯಾವ ವಿದ್ಯಾರ್ಥಿಗೂ ತೊಡಕಾಗುವುದಿಲ್ಲ. ತೊಡಕು ಕ್ರಿಯಾಪದದಲ್ಲಿದೆ. ಒಬ್ಬ ವಿದ್ಯಾರ್ಥಿ ‘ಪತ್ರವು ಗುಮಾಸ್ತನನ್ನು ವಂಚನೆಯಲ್ಲಿ ಸಿಲುಕಿಸುತ್ತದೆ’ ಎಂದು ಬರೆಯುತ್ತಾನೆ. ಇನ್ನೊಬ್ಬಳು ‘ಗುಮಾಸ್ತನು ವಂಚನೆಯಲ್ಲಿ ಭಾಗಿಯಾಗಿರುವುದನ್ನು ಪತ್ರವು ತೋರಿಸಿಕೊಡುತ್ತದೆ’ ಎಂದು ಬರೆಯುತ್ತಾಳೆ. ಎರಡಕ್ಕೂ ಅಂಕ ಸಿಗುತ್ತದೆ. ಆದರೆ ಮೊದಲ ವಾಕ್ಯವನ್ನು ಓದಿದವನಿಗೆ ಗುಮಾಸ್ತ ಪಾಪದವನು, ಯಾರದೋ ಸಂಚಿಗೆ ಬಲಿಯಾದವನು. ಎರಡನೆಯದನ್ನು ಓದಿದವನಿಗೆ ಅವನು ಅಪರಾಧಿ. ಮೂಲ ವಾಕ್ಯ ಈ ಎರಡರಲ್ಲಿ ಒಂದನ್ನೂ ಹೇಳಿಲ್ಲ. ಪತ್ರವನ್ನು ಓದಿದರೆ ಗುಮಾಸ್ತನ ಕಡೆಗೆ ದೃಷ್ಟಿ ಹರಿಯುತ್ತದೆ ಎಂಬಷ್ಟನ್ನು ಮಾತ್ರ ಅದು ಹೇಳಿ ನಿಂತಿದೆ. ನ್ಯಾಯಾಧೀಶರು ಇನ್ನೂ ಪೀಠವನ್ನೇರದಿರುವಾಗಲೇ ಭಾಷಾಂತರಕಾರ ತೀರ್ಪು ಕೊಟ್ಟುಬಿಟ್ಟಿದ್ದಾನೆ.

‘ಇಂಪ್ಲಿಕೇಟ್’ ಲ್ಯಾಟಿನ್ ಮೂಲದ ಪದ. ‘ಪ್ಲಿಕಾರೆ’ ಎಂದರೆ ಮಡಿಸು. ‘ಇಂ’ ಸೇರಿದಾಗ ಒಳಕ್ಕೆ ಮಡಿಸು, ಹೆಣೆ, ಸುತ್ತಿಹಾಕು. ಈ ಧಾತುವಿನ ಸಂತತಿ ಇಂಗ್ಲಿಷಿನಲ್ಲಿ ದೊಡ್ಡದು. ಒಳಗೆ ಮಡಿಸಿಟ್ಟದ್ದು ಇಂಪ್ಲಿಸಿಟ್, ಬಿಡಿಸಿ ಹರಡಿದ್ದು ಎಕ್ಸ್‌ಪ್ಲಿಸಿಟ್, ಹಲವು ಮಡಿಕೆಗಳು ಒಂದರೊಳಗೊಂದು ಸೇರಿಕೊಂಡರೆ ಕಾಂಪ್ಲಿಕೇಟ್. ಕೃತ್ಯದಲ್ಲಿ ಜೊತೆಯಾದವನನ್ನು ಸೂಚಿಸುವ ಅಕಾಂಪ್ಲಿಸ್ ಕೂಡ ಇದೇ ಕುಲದ್ದು. ಎಂಪ್ಲಾಯ್ ಎಂಬ ನಿರುಪದ್ರವಿ ಪದವೂ ಫ್ರೆಂಚಿನ ದಾರಿಯಾಗಿ ಇದೇ ಮೂಲದಿಂದ ಬಂದಿದೆ. ನೌಕರಿಗೆ ಸೇರಿದವನೂ ಹಗರಣಕ್ಕೆ ಸೇರಿದವನೂ ಒಂದೇ ಧಾತುವಿನ ಮಕ್ಕಳೆಂಬುದನ್ನು ಕಚೇರಿಗಳ ಅನುಭವವಿರುವವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದು.

ಮಡಿಕೆಯ ಈ ಕಲ್ಪನೆ ಕನ್ನಡಕ್ಕೆ ಹೊಸತಲ್ಲ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಎನ್ನುವಾಗ ಕನ್ನಡ ಎಣಿಸುವುದೂ ಮಡಿಕೆಗಳಿಂದಲೇ. ಡೂಪ್ಲಿಕೇಟ್ ಎಂಬುದು ಅಕ್ಷರಶಃ ಇಮ್ಮಡಿ. ಒಳಕ್ಕೆ ಮಡಿಸುವ ಕ್ರಿಯೆಯನ್ನು ಮಾತ್ರ ಕನ್ನಡ ಬಟ್ಟೆಗೆ, ಕಾಗದಕ್ಕೆ, ಸೀರೆಯ ನೆರಿಗೆಗೆ ಉಳಿಸಿಕೊಂಡಿದೆ. ಮನುಷ್ಯನನ್ನು ಒಂದು ಕೃತ್ಯದೊಳಕ್ಕೆ ಮಡಿಸುವ ರೂಪಕವನ್ನು ಬೆಳೆಸಿಕೊಂಡಿಲ್ಲ. ಆ ಜಾಗದಲ್ಲಿ ಅದು ಬಲೆಯ ರೂಪಕವನ್ನು ಇಟ್ಟುಕೊಂಡಿದೆ. ಸಿಲುಕು, ಸಿಕ್ಕು, ತೊಡರು ಇವೆಲ್ಲ ಬೇಟೆಗಾರನ ಬಲೆಯ ಪದಗಳು. ಬಲೆಗೆ ಸಿಲುಕಿದ ಜಿಂಕೆಯ ಮೇಲೆ ಕೇಳುವವನಿಗೆ ಕನಿಕರ ಹುಟ್ಟುವುದು ಸಹಜ. ‘ಸಿಲುಕಿಸು’ ಎಂದೊಡನೆ ಕೇಳುವವನು ಬಲೆ ಒಡ್ಡಿದವನನ್ನು ಹುಡುಕತೊಡಗುತ್ತಾನೆ. ಮಡಿಕೆಯಲ್ಲಿ ಈ ಕನಿಕರವಿಲ್ಲ. ಬಟ್ಟೆಯ ಮಡಿಕೆಯೊಳಗೆ ಏನಿದೆಯೆಂಬುದು ಬಿಡಿಸಿದ ಮೇಲೆ ತಿಳಿಯಬೇಕಾದ ಸಂಗತಿ.

ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ನಡೆಯನ್ನು ಗಮನಿಸಿದರೆ ಅದರ ಸ್ವಭಾವ ಇನ್ನಷ್ಟು ತಿಳಿಯಾಗುತ್ತದೆ. ಅಕ್ಯೂಸ್ ಮಾಡಲು ಮನುಷ್ಯನೇ ಬೇಕು. ಇಂಪ್ಲಿಕೇಟ್ ಮಾಡಲು ಮನುಷ್ಯ ಬೇಕಿಲ್ಲ. ಬೆರಳಚ್ಚು, ರಕ್ತದ ಕಲೆ, ಲೆಕ್ಕದ ಪುಸ್ತಕ, ದೂರವಾಣಿ ಕರೆಗಳ ಪಟ್ಟಿ, ಇವು ಯಾವುವೂ ಬಾಯಿಬಿಟ್ಟು ದೂರುವುದಿಲ್ಲ, ಆದರೂ ಇಂಪ್ಲಿಕೇಟ್ ಮಾಡುತ್ತವೆ. ಒಬ್ಬನು ತನ್ನ ಮಾತಿನಿಂದ ತನ್ನನ್ನೇ ಇಂಪ್ಲಿಕೇಟ್ ಮಾಡಿಕೊಳ್ಳಬಹುದು. ವೈದ್ಯಕೀಯ ಬರವಣಿಗೆಯಲ್ಲಿ ಒಂದು ಜೀನ್ ಅಥವಾ ಒಂದು ವೈರಸ್ ಒಂದು ಕಾಯಿಲೆಯಲ್ಲಿ ‘ಇಂಪ್ಲಿಕೇಟೆಡ್’ ಎಂದಿರುತ್ತದೆ. ಅಲ್ಲಿ ನೈತಿಕ ದೋಷದ ನೆರಳೂ ಇಲ್ಲ, ಕಾರಣವೆಂಬ ಖಚಿತ ನಿರ್ಣಯವೂ ಇಲ್ಲ. ಕಾಯಿಲೆಗೂ ಅದಕ್ಕೂ ನಂಟಿರುವಂತೆ ಕಾಣುತ್ತದೆ ಎಂದಷ್ಟೇ ಅರ್ಥ. ಕನ್ನಡದ ಸುದ್ದಿಯಲ್ಲಿ ಇದೇ ವಾಕ್ಯ ‘ಕಾಯಿಲೆಗೆ ಕಾರಣವಾದ ಜೀನ್ ಪತ್ತೆ’ ಎಂದಾಗುವುದನ್ನು ಬಲ್ಲವರು ಬಲ್ಲರು.

ಇಂಪ್ಲೈ ಮತ್ತು ಇಂಪ್ಲಿಕೇಟ್ ಎರಡನ್ನೂ ವಿದ್ಯಾರ್ಥಿಗಳು ಬೆರೆಸುತ್ತಾರೆ, ಎರಡಕ್ಕೂ ಇಂಪ್ಲಿಕೇಷನ್ ಎಂಬ ಒಂದೇ ನಾಮಪದವಿರುವುದರಿಂದ. ಭೇದ ಕರ್ಮಪದದಲ್ಲಿದೆ. ಇಂಪ್ಲೈ ಎಂಬುದಕ್ಕೆ ಕರ್ಮ ಒಂದು ಸಂಗತಿ, ಇಂಪ್ಲಿಕೇಟ್ ಎಂಬುದಕ್ಕೆ ಸಾಮಾನ್ಯವಾಗಿ ಒಬ್ಬ ವ್ಯಕ್ತಿ. ಭಾಷಾತತ್ತ್ವಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ಭೇದವನ್ನು ಬೇಕೆಂದೇ ದಾಟಿ, ಮಾತಿನ ಹಿಂದಿನ ಸೂಚಿತಾರ್ಥಕ್ಕೂ ಇಂಪ್ಲಿಕೇಟ್ ಎಂಬುದನ್ನೇ ಬಳಸಿದ; ಇಂಪ್ಲಿಕೇಚರ್ ಎಂಬ ಪಾರಿಭಾಷಿಕ ಪದ ಹುಟ್ಟಿದ್ದು ಹಾಗೆ. ಅವನ ಪ್ರಸಿದ್ಧ ಉದಾಹರಣೆ ಒಂದು ಶಿಫಾರಸು ಪತ್ರ. ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು, ಅವನ ಇಂಗ್ಲಿಷ್ ಚೆನ್ನಾಗಿದೆ, ಹಾಜರಾತಿ ಸರಿಯಾಗಿದೆ ಎಂದಷ್ಟೇ ಬರೆದು ಮುಗಿಸುತ್ತಾನೆ. ಪತ್ರದಲ್ಲಿ ಒಂದೂ ಕೆಟ್ಟ ಮಾತಿಲ್ಲ; ಶಿಷ್ಯನಿಗೆ ಕೆಲಸ ಮಾತ್ರ ಸಿಗುವುದಿಲ್ಲ. ಧ್ವನಿಸಿದ್ಧಾಂತವನ್ನು ಓದಿಕೊಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಭಾರತೀಯ ತರ್ಕದ ಪರಂಪರೆಯಲ್ಲಿ ಈ ಪದಕ್ಕೆ ಹತ್ತಿರದ ನಂಟು ಇನ್ನೊಂದು ಕಡೆ ಇದೆ. ದೇವದತ್ತ ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ಕೊಡುವ ನಿದರ್ಶನವಿದು. ಮೀಮಾಂಸಕನಿಗೆ ಇದು ಬರಿಯ ತರ್ಕದ ಲೆಕ್ಕ. ಜೈನನ ಕಿವಿಗೆ ಬಿದ್ದಾಗ ಇದೇ ವಾಕ್ಯ ಆರೋಪದ ಬಣ್ಣ ಪಡೆಯುತ್ತದೆ, ಏಕೆಂದರೆ ರಾತ್ರಿಭೋಜನ ಅಲ್ಲಿ ನಿಷಿದ್ಧ. ಬಡಪಾಯಿ ದೇವದತ್ತ ತನ್ನ ಹೊಟ್ಟೆಯಿಂದಲೇ ಇಂಪ್ಲಿಕೇಟ್ ಆಗಿದ್ದಾನೆ! ಜೈನ ತಾರ್ಕಿಕರು ಅರ್ಥಾಪತ್ತಿಯನ್ನು ಬೇರೆ ಪ್ರಮಾಣವೆಂದು ಒಪ್ಪದೆ ಅನುಮಾನದಲ್ಲಿಯೇ ಅಡಗಿಸಿದರು. ಇಲ್ಲಿ ಕನ್ನಡದ ಒಂದು ವಿಚಿತ್ರ ಎದುರಾಗುತ್ತದೆ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಹೇತುವಿನಿಂದ ಸಾಧ್ಯವನ್ನು ನಿಶ್ಚಯಿಸುವ ಪ್ರಮಾಣ: ಹೊಗೆಯಿಂದ ಬೆಂಕಿಯನ್ನು ತಿಳಿಯುವ ಬಗೆ. ಇಂದಿನ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ‘ಅವನ ಮೇಲೆ ಪೊಲೀಸರಿಗೆ ಅನುಮಾನ’ ಎನ್ನುವಾಗ ಪ್ರಮಾಣ ಸೊರಗಿ ಶಂಕೆಯಾಗಿದೆ. ನಿಶ್ಚಯಕ್ಕೂ ಶಂಕೆಗೂ ನಡುವೆ ಈ ಪದ ಪಯಣಿಸಿದ ದಾರಿಯ ಯಾವುದೋ ಒಂದು ಮಜಲಿನಲ್ಲಿ ಇಂಪ್ಲಿಕೇಟ್ ಎಂಬುದರ ಜಾಗವಿದೆ. ಆ ಮಜಲಿನಲ್ಲಿ ಕನ್ನಡ ನಿಲ್ಲಲಿಲ್ಲ.

ಹಾಗೆಂದು ಕನ್ನಡಕ್ಕೆ ಪದಗಳ ಬಡತನವಿದೆಯೆಂದಲ್ಲ. ಬಡತನಕ್ಕೆ ಬದಲು ಸಮೃದ್ಧಿಯೇ ಇದೆ, ಆದರೆ ಒಂದೊಂದೂ ಒಂದೊಂದು ಪಕ್ಷವನ್ನು ಹಿಡಿದಿದೆ. ‘ಕೈವಾಡ’ ಎಂದರೆ ಕೈ ಆಡಿದ್ದು ಆಗಲೇ ಖಚಿತ. ಕಾಣದಿರುವುದು ಆಡಿದವನ ಮುಖ ಮಾತ್ರ. ‘ಶಾಮೀಲು’ ಎಂಬುದು ಅರಬ್ಬಿಯಿಂದ ಬಂದಾಗ ಬರಿದೆ ‘ಒಳಗೊಂಡ’ ಎಂಬ ಅರ್ಥದ್ದಾಗಿತ್ತು, ಕನ್ನಡದಲ್ಲಿ ಅದಕ್ಕೆ ಒಳಸಂಚಿನ ವಾಸನೆ ಅಂಟಿಕೊಂಡಿದೆ. ‘ತಲೆಯ ಮೇಲೆ ಗೂಬೆ ಕೂರಿಸು’ ಎಂದರೆ ಹೊರಿಸಿದ್ದು ಸುಳ್ಳೆಂದೇ ಅರ್ಥ. ‘ತಳುಕು ಹಾಕು’ ಎಂಬುದು ಹೆಣೆಯುವ ಕ್ರಿಯೆಯಾದ್ದರಿಂದ ಲ್ಯಾಟಿನ್ ಧಾತುವಿಗೆ ಎಲ್ಲಕ್ಕಿಂತ ಹತ್ತಿರ. ಆದರೆ ಅಲ್ಲಿಯೂ ಇಲ್ಲದ ನಂಟನ್ನು ಯಾರೋ ಕಟ್ಟಿದರೆಂಬ ಆಕ್ಷೇಪ ಕೇಳಿಸುತ್ತದೆ. ಪತ್ರಿಕೆಗಳು ಕಂಡುಕೊಂಡಿರುವ ‘ಹೆಸರು ಕೇಳಿಬಂದಿದೆ’ ಎಂಬ ನುಡಿಗಟ್ಟು ಮೇಲ್ನೋಟಕ್ಕೆ ನಡುವೆ ನಿಂತಂತೆ ಕಾಣುತ್ತದೆ. ಅದರ ಕೊರತೆ ಬೇರೆಯದು: ಹೆಸರನ್ನು ಹೇಳಿದವರು ಯಾರೆಂಬುದನ್ನು ಅದು ನುಂಗಿಹಾಕುತ್ತದೆ. ಇಂಪ್ಲಿಕೇಟ್ ಸಕರ್ಮಕ ಕ್ರಿಯಾಪದ. ಅದರ ಕರ್ತರಿ ಪ್ರಯೋಗದಲ್ಲಿ ಪತ್ರವೋ ಸಾಕ್ಷಿಯೋ ಕಲೆಯೋ ಕರ್ತೃವಾಗಿ ಎದುರಿಗೆ ನಿಂತಿರುತ್ತದೆ, ಅದನ್ನು ಪರೀಕ್ಷಿಸಬಹುದು. ಗಾಳಿಯಲ್ಲಿ ಕೇಳಿಬಂದ ಹೆಸರನ್ನು ಯಾರು ಪರೀಕ್ಷಿಸಬೇಕು?

ನಡುವೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಹಳಗನ್ನಡದ ಒಂದು ಕಥೆ ಚೆನ್ನಾಗಿ ಕಾಣಿಸುತ್ತದೆ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಮಿಥಿಲೆಯ ಅರಸನ ಹಾರ ಕಳುವಾಗುತ್ತದೆ. ತಳಾರ ಯಮದಂಡನಿಗೆ ಕಳ್ಳನನ್ನು ಹಿಡಿದು ತರಲು ಏಳು ದಿನಗಳ ಗಡುವು. ತಪ್ಪಿದರೆ ಅವನ ತಲೆ ಉಳಿಯದು. ಗಡುವು ಮುಗಿಯುವ ಹೊತ್ತಿಗೆ ಯಮದಂಡ ಒಬ್ಬ ಕುಷ್ಠರೋಗಿಯನ್ನು ಎಳೆದುತಂದು ಇವನೇ ಕಳ್ಳ ಎನ್ನುತ್ತಾನೆ. ಕೈಯಲ್ಲಿ ಕದ್ದ ಮಾಲಿಲ್ಲ, ನೋಡಿದ ಸಾಕ್ಷಿಯಿಲ್ಲ. ರೋಗಿ ತಾನಲ್ಲವೆಂದೇ ಹೇಳುತ್ತಾನೆ. ಬಗೆಬಗೆಯ ಚಿತ್ರಹಿಂಸೆ ಕೊಟ್ಟರೂ ಅದನ್ನೇ ಹೇಳುತ್ತಾನೆ. ಸಭೆಯಲ್ಲಿ ನಿಂತು ನೋಡುವವನಿಗೆ ಇದು ಹೇಗೆ ಕಂಡೀತು? ತನ್ನ ತಲೆ ಉಳಿಸಿಕೊಳ್ಳಲು ತಳಾರ ದಿಕ್ಕಿಲ್ಲದ ರೋಗಿಯೊಬ್ಬನನ್ನು ಸಿಲುಕಿಸಿದ್ದಾನೆ ಎಂದೇ ಕಾಣಬೇಕು. ‘ಸಿಲುಕಿಸು’ ಎಂಬ ಪದದ ಎಲ್ಲ ಲಕ್ಷಣಗಳೂ ಇಲ್ಲಿವೆ: ದುರ್ಬಲನಾದ ಬಲಿ, ಅಧಿಕಾರದಲ್ಲಿರುವ ಬೇಟೆಗಾರ, ಬೇಟೆಗಾರನಿಗೆ ಬಲವಾದ ಸ್ವಂತ ಕಾರಣ. ಆದರೆ ಕಡೆಗೆ ಅರಸನಿಂದ ಅಭಯ ದೊರೆತಾಗ ರೋಗಿ ಹೇಳುತ್ತಾನೆ, ಕಳ್ಳ ತಾನೇ ಎಂದು. ರೋಗವೂ ವೇಷ. ಅವನೂ ಯಮದಂಡನೂ ಬಾಲ್ಯದಲ್ಲಿ ಜೊತೆಗೆ ಓದಿದವರು.

ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವವನು ನಡುವಿನ ಹಂತದಲ್ಲಿ ಯಮದಂಡ ಕುಷ್ಠರೋಗಿಯನ್ನು ಇಂಪ್ಲಿಕೇಟ್ ಮಾಡಿದ ಎಂದು ಬರೆದರೆ ಆ ವಾಕ್ಯ ಕೊನೆಯವರೆಗೂ ಸುಳ್ಳಾಗುವುದಿಲ್ಲ. ಹೊಸಗನ್ನಡದಲ್ಲಿ ‘ಸಿಲುಕಿಸಿದ’ ಎಂದು ಬರೆದವನು ಕೊನೆಯಲ್ಲಿ ತನ್ನ ಪದವನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ, ‘ಪತ್ತೆಹಚ್ಚಿದ’ ಎಂದು ಬರೆದವನು ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಿರುತ್ತಾನೆ. ಹಳಗನ್ನಡದ ಕಥೆಗಾರ ಈ ಇಕ್ಕಟ್ಟಿಗೆ ಸಿಗುವುದಿಲ್ಲ. ಯಾರು ಯಾರನ್ನು ಕುರಿತು ಏನೆಂದರು ಎಂಬುದನ್ನು ಸಂಭಾಷಣೆಯ ರೂಪದಲ್ಲಿಯೇ ಒಪ್ಪಿಸಿ ತಾನು ಹಿಂದೆ ಸರಿಯುವುದು ಅವನ ದಾರಿ. ಒಂದೇ ಕ್ರಿಯಾಪದದಲ್ಲಿ ಹೇಳಲಾಗದುದನ್ನು ಅವನು ವಾಕ್ಯಗಳ ಜೋಡಣೆಯಲ್ಲಿ ಹೇಳುತ್ತಾನೆ.

ನ್ಯಾಯಶಾಸ್ತ್ರವೂ ಈ ನಡುವಿನ ಜಾಗವನ್ನು ಗುರುತಿಸಿಟ್ಟಿದೆ. ಒಂದೇ ಅಪರಾಧಕ್ಕಾಗಿ ಇಬ್ಬರು ಒಟ್ಟಿಗೆ ವಿಚಾರಣೆಗೊಳಗಾಗಿದ್ದಾರೆ. ಒಬ್ಬನು ತಪ್ಪೊಪ್ಪಿಗೆ ನೀಡುತ್ತ ತನ್ನೊಡನೆ ಇನ್ನೊಬ್ಬನ ಹೆಸರನ್ನೂ ಹೇಳುತ್ತಾನೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 30ನೇ ಕಲಮು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 24ನೇ ಕಲಮು, ಅಂಥ ಹೇಳಿಕೆಯನ್ನು ಇನ್ನೊಬ್ಬನ ವಿರುದ್ಧವೂ ನ್ಯಾಯಾಲಯ ಗಮನಕ್ಕೆ ತೆಗೆದುಕೊಳ್ಳಬಹುದು ಎನ್ನುತ್ತದೆ. ಗಮನಕ್ಕೆ ತೆಗೆದುಕೊಳ್ಳಬಹುದು, ಅಷ್ಟೆ. ಭುಬೋನಿ ಸಾಹು ಪ್ರಕರಣದಲ್ಲಿ 1949ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಇದನ್ನು ಬಹಳ ದುರ್ಬಲವಾದ ಸಾಕ್ಷ್ಯವೆಂದು ಕರೆದು ಕಾರಣಗಳನ್ನೂ ಕೊಟ್ಟಿತು: ಅದು ಪ್ರಮಾಣವಚನದ ಮೇಲೆ ಹೇಳಿದ್ದಲ್ಲ, ಇನ್ನೊಬ್ಬ ಆರೋಪಿಯ ಎದುರಿನಲ್ಲಿ ಹೇಳಬೇಕಾದದ್ದಲ್ಲ, ಪಾಟೀಸವಾಲಿಗೆ ಒಡ್ಡಿದ್ದಲ್ಲ. 1952ರಲ್ಲಿ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಾನವನ್ನೂ ಹೇಳಿಕೊಟ್ಟಿತು. ಆ ಹೇಳಿಕೆಯನ್ನು ಮೊದಲು ಪಕ್ಕಕ್ಕಿಡಬೇಕು. ಉಳಿದ ಸಾಕ್ಷ್ಯವನ್ನಷ್ಟೇ ಸೇರಿಸಿ ನೋಡಬೇಕು. ಅದೇ ಸಾಕಾದರೆ ಹೇಳಿಕೆಯ ಅಗತ್ಯವೇ ಇಲ್ಲ. ಉಳಿದ ಸಾಕ್ಷ್ಯ ನಂಬಲರ್ಹವಾಗಿದ್ದೂ ನಿರ್ಣಯಕ್ಕೆ ಬರಲು ಮನಸ್ಸು ಹಿಂಜರಿದರೆ ಮಾತ್ರ ಅದರ ನೆರವು ಪಡೆಯಬಹುದು.

ಈ ವಿಧಾನವನ್ನು ಸಾಹಿತ್ಯ ಚರಿತ್ರೆಯ ಸಂಶೋಧಕರು ಎರವಲು ಪಡೆದರೆ ತಪ್ಪೇನಿಲ್ಲ. ಕಲ್ಯಾಣದ ಕಳಚುರಿ ಬಿಜ್ಜಳನ ಅಂತ್ಯದ ಪ್ರಶ್ನೆಯನ್ನು ನೋಡಬಹುದು. ಅವನ ಆಳ್ವಿಕೆ 1167ರ ಸುಮಾರಿಗೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದದ್ದು ಶಾಸನಗಳಿಂದ ತಿಳಿಯುತ್ತದೆ. ಅಂತ್ಯ ಹೇಗಾಯಿತೆಂಬುದನ್ನು ಹೇಳುವವು ನಂತರದ ಕಾವ್ಯಗಳು. ವೀರಶೈವ ಪುರಾಣಗಳು ಜಗದೇವ ಮತ್ತವನ ಜೊತೆಗಾರರ ಕೈಯಲ್ಲಿ ಅರಸ ಸತ್ತನೆನ್ನುತ್ತವೆ, ಅದನ್ನು ಭಕ್ತಿಯ ಕಾರ್ಯವೆಂದೇ ಬಣ್ಣಿಸುತ್ತವೆ. ಜೈನ ಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆ, ಬಸವಣ್ಣನವರು ವಿಷ ಕೊಡಿಸಿ ಕೊಲ್ಲಿಸಿದರೆನ್ನುತ್ತದೆ. ಇದು 17ನೆಯ ಶತಮಾನದ ಕೃತಿ. ಘಟನೆಗೂ ಕೃತಿಗೂ ನಡುವೆ ಸುಮಾರು ಐದು ಶತಮಾನ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಹೆಚ್ಚು ಹತ್ತಿರದ್ದು, ಆದರೆ ಅದೂ ಸಮಕಾಲೀನವಲ್ಲ. ಭೀಮಕವಿಯ ಕನ್ನಡ ಬಸವಪುರಾಣ 1369ರದು.

ಇಲ್ಲಿ ‘ಬಿಜ್ಜಳರಾಯಚರಿತೆಯು ಬಸವಣ್ಣನವರನ್ನು ಇಂಪ್ಲಿಕೇಟ್ ಮಾಡುತ್ತದೆ’ ಎಂಬ ವಾಕ್ಯ ನಿಜ. ಅದು ಕೃತಿಯೊಂದರ ಬಗೆಗಿನ ವಾಕ್ಯ. ‘ಬಸವಣ್ಣನವರು ಕೊಲ್ಲಿಸಿದರು’ ಎಂಬ ವಾಕ್ಯ ಚರಿತ್ರೆಯ ಬಗೆಗಿನದು, ಅದಕ್ಕೆ ಬೇಕಾದ ಆಧಾರ ಆ ಕೃತಿಯಲ್ಲಿಲ್ಲ. ಮೊದಲ ವಾಕ್ಯದಿಂದ ಎರಡನೆಯದಕ್ಕೆ ಜಾರುವುದು ಕನ್ನಡದಲ್ಲಿ ಸುಲಭ, ಏಕೆಂದರೆ ಮೊದಲನೆಯದನ್ನು ಹೇಳುವ ಸಿದ್ಧ ಪದವಿಲ್ಲ. ಜೈನ ಕೃತಿಯೆಂಬ ಅಭಿಮಾನದಿಂದ ಜಾರಿದವರೂ ಇದ್ದಾರೆ. ಜೈನ ಕೃತಿಯೆಂಬ ಕಾರಣಕ್ಕೇ ಅದನ್ನು ಓದದೆ ಬದಿಗೊತ್ತಿದವರೂ ಇದ್ದಾರೆ. ಇಬ್ಬರೂ ಸಾಕ್ಷಿಯನ್ನು ಪರೀಕ್ಷಿಸಲಿಲ್ಲ. ಪಾಟೀಸವಾಲಿಗೆ ಬರಲಾರದ ಸಾಕ್ಷಿಯನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ನೋಡಬೇಕೆಂಬ ನಿಯಮ ಧರಣಿಪಂಡಿತನಿಗೂ ಅನ್ವಯಿಸುತ್ತದೆ, ಪುರಾಣಕಾರರಿಗೂ ಅನ್ವಯಿಸುತ್ತದೆ. ಜಗದೇವನೂ ಚರಿತ್ರೆಯಲ್ಲಿ ಇಂಪ್ಲಿಕೇಟ್ ಆದವನೇ ಹೊರತು ಅಪರಾಧಿಯೆಂದು ನಿಶ್ಚಯವಾದವನಲ್ಲ.

ಒಬ್ಬನನ್ನು ಕೃತ್ಯದೊಳಕ್ಕೆ ಮಡಿಸುವಾಗ ಯಾವ ಪಾತ್ರದಲ್ಲಿ ಎಂಬ ಪ್ರಶ್ನೆಯೂ ಉಂಟು. ಇಂಪ್ಲಿಕೇಟ್ ಅದನ್ನು ಹೇಳದೆ ಉಳಿಸುತ್ತದೆ. ಜೈನ ಕರ್ಮವಿಚಾರ ಇಲ್ಲಿ ಇಂಗ್ಲಿಷಿಗಿಂತ ಖಚಿತ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕೃತ, ಕಾರಿತ, ಅನುಮತ ಎಂದು ಮೂರು ಬಗೆಯ ತೊಡಗುವಿಕೆಯನ್ನು ಎಣಿಸುತ್ತದೆ: ತಾನೇ ಮಾಡಿದ್ದು, ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಒಪ್ಪಿದ್ದು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಿಂದಲೂ ಮನ, ವಚನ, ಕಾಯಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಕನ್ನಡ ವ್ಯಾಕರಣ ಮೊದಲ ಎರಡನ್ನು ಪ್ರತ್ಯಯದಲ್ಲಿಯೇ ಬೇರ್ಪಡಿಸುತ್ತದೆ: ಕೊಂದನು, ಕೊಲ್ಲಿಸಿದನು. ಮೂರನೆಯದಕ್ಕೆ ಪ್ರತ್ಯಯವಿಲ್ಲ, ‘ಕೊಲ್ಲಗೊಟ್ಟನು’, ‘ನೋಡಿಯೂ ಸುಮ್ಮನಿದ್ದನು’ ಎಂದು ಬಿಡಿಸಿ ಹೇಳಬೇಕು. ಬಿಜ್ಜಳರಾಯಚರಿತೆಯ ಆಪಾದನೆ ಕಾರಿತದ್ದು. ಬೇರೆ ಕಥನಗಳಲ್ಲಿ ಅದು ಅನುಮತದ ಕಡೆಗೆ ಸರಿಯುತ್ತದೆಯೇ, ಅದೂ ಇಲ್ಲವೇ ಎಂಬುದನ್ನು ಕೃತಿ ಕೃತಿಗೂ ಬೇರೆಯಾಗಿ ಪರಿಶೀಲಿಸಬೇಕು. ‘ಪಾತ್ರವಿದೆ’ ಎಂಬ ಒಂದೇ ಪದದಲ್ಲಿ ಮೂರನ್ನೂ ಸುತ್ತಿಡುವ ಸಂಶೋಧನ ಪ್ರಬಂಧಗಳಿಗೆ ಈ ಸೂತ್ರ ಉಪಕಾರ ಮಾಡೀತು.

ತನ್ನನ್ನು ತಾನೇ ಇಂಪ್ಲಿಕೇಟ್ ಮಾಡಿಕೊಳ್ಳುವುದಕ್ಕೂ ಈ ಪರಂಪರೆಯಲ್ಲಿ ಒಂದು ಹೆಸರಿದೆ: ಆಲೋಚನೆ. ಇಂದಿನ ಕನ್ನಡದಲ್ಲಿ ಅದು ಬರಿಯ ಯೋಚನೆ. ಜೈನ ಪರಿಭಾಷೆಯಲ್ಲಿ ಗುರುವಿನ ಎದುರು ತನ್ನ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು, ಪ್ರಾಯಶ್ಚಿತ್ತದ ಮೊದಲನೆಯ ಬಗೆ. ಇತರರ ಹೆಸರಿಗೆ ಅಲ್ಲಿ ಜಾಗವಿಲ್ಲ, ಆದ್ದರಿಂದ ಸಹ ಆರೋಪಿಯ ಪ್ರಶ್ನೆ ಏಳುವುದಿಲ್ಲ. ಆದರೂ ಅಲ್ಲಿ ಸಹ ಮಾತು ಮಡಿಕೆಯಾಗಬಹುದೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಆಲೋಚನೆಯ ಹತ್ತು ದೋಷಗಳನ್ನು ಅವರು ಪಟ್ಟಿಮಾಡಿದ್ದಾರೆ. ಇತರರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ಮುಚ್ಚಿಡುವುದು ಅವುಗಳಲ್ಲಿ ಒಂದು. ಛನ್ನ ಎಂಬುದು ಇನ್ನೊಂದು: ಶಿಷ್ಯ ಬಂದು, ಇಂಥ ತಪ್ಪನ್ನು ಯಾರಾದರೂ ಮಾಡಿದರೆ ಅವರಿಗೆ ಏನು ಪ್ರಾಯಶ್ಚಿತ್ತವೆಂದು ಕೇಳುತ್ತಾನೆ. ತಪ್ಪು ಮಾಡಿದವನು ತಾನೆಂದು ಹೇಳುವುದಿಲ್ಲ. ಉತ್ತರವನ್ನು ಪಡೆದುಕೊಂಡು ಹೋಗಿ ಗುಟ್ಟಾಗಿ ಆಚರಿಸುತ್ತಾನೆ. ಗುರುವಿಗೆ ಅನುಮಾನ ಬಂದಿರಬಹುದು, ಎರಡರಲ್ಲಿ ಯಾವ ಅರ್ಥದಲ್ಲಾದರೂ. ಶಿಷ್ಯ ಮಾತ್ರ ಸಿಲುಕಿಲ್ಲ.